ಇನ್ಶೂರೆನ್ಸ್ ಕಂಪನಿ ವರ್ಷಗಳಿಂದ ಅದೇ ರೇಟು ಕೊಡುತ್ತಿದೆ. ಕೇಳಿ ಜಾಸ್ತಿ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಬಿಲ್ಲಿಂಗ್ ಕೋಣೆಯಿಂದ:

ಅಮೆರಿಕದಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಿರುವವರಿಗೆ ಈ ಪ್ರಶ್ನೆ. ನಮ್ಮದು ಸಣ್ಣ ಫ್ಯಾಮಿಲಿ ಮೆಡಿಸಿನ್ ಪ್ರಾಕ್ಟೀಸ್. ಇಬ್ಬರು ಡಾಕ್ಟರು, ಒಬ್ಬರು ನರ್ಸ್ ಪ್ರಾಕ್ಟಿಷನರ್ (ರೋಗಿಗಳನ್ನು ತಾವೇ ನೋಡಿ ಔಷಧಿ ಬರೆಯುವ ನರ್ಸ್). ನಾನು ಡಾಕ್ಟರಲ್ಲ. ಬಿಲ್ಲು, ಸಂಬಳ, ಬಾಡಿಗೆ, ಪ್ರಿಂಟರಿನ ಇಂಕು, ಎಲ್ಲ ನನ್ನ ತಲೆಗೆ ಕಟ್ಟಿದ್ದಾರೆ.

ನಮ್ಮ ರೋಗಿಗಳಲ್ಲಿ ಮೂರರಲ್ಲಿ ಒಬ್ಬರು ಒಂದೇ ಕಂಪನಿಯ ಇನ್ಶೂರೆನ್ಸ್ ಇಟ್ಟುಕೊಂಡವರು. ಹೆಸರು ಬೇಡ. ಆ ಕಂಪನಿ ಜೊತೆ ಕಾಂಟ್ರ್ಯಾಕ್ಟ್ ಆಗಿ ತುಂಬಾ ವರ್ಷವಾಯಿತು. ಮಧ್ಯೆ ಒಂದು ಸಲ ಏನೋ ತಿದ್ದುಪಡಿ ಕಳಿಸಿದ್ದರು, ಅದಕ್ಕೆ ಸಹಿ ಹಾಕಿ ಫೈಲಿಗೆ ಸೇರಿಸಿದ್ದೆವು, ಅಷ್ಟೆ. ಸ್ಟಾಫ್ ಸಂಬಳ ಏರಿತು, ಬಾಡಿಗೆ ಏರಿತು, ಸಾಫ್ಟ್‌ವೇರಿನವರು ವರ್ಷ ವರ್ಷ ಏರಿಸುತ್ತಾರೆ. ಇವರು ಕೊಡುವುದು ಮಾತ್ರ ಅಲ್ಲೇ ನಿಂತಿದೆ.

ಹೋದ ವಾರ ಅವರು ಡಾಕ್ಟರುಗಳಿಗೆ ಇಟ್ಟಿರುವ ಪ್ರೊವೈಡರ್ ಲೈನ್‌ಗೆ ಫೋನ್ ಮಾಡಿದೆ. 40 ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬಳು ಬಂದು "ನಮ್ಮದು ಸ್ಟ್ಯಾಂಡರ್ಡ್ ಫೀ ಶೆಡ್ಯೂಲ್ (ದರಪಟ್ಟಿ), ಬದಲಾಯಿಸಲು ಆಗುವುದಿಲ್ಲ" ಅಂದಳು. ನಿಜವಾಗಿಯೂ ಆಗುವುದಿಲ್ಲವಾ? ಅಥವಾ ಸಣ್ಣವರಿಗೆಲ್ಲ ಹೀಗೇ ಹೇಳಿ ಕಳಿಸುತ್ತಾರಾ? ಒಬ್ಬ ಕನ್ಸಲ್ಟೆಂಟ್ "ನಾನು ಮಾಡಿಸಿಕೊಡುತ್ತೇನೆ, ಮೊದಲ ವರ್ಷ ಎಷ್ಟು ಜಾಸ್ತಿಯಾಗುತ್ತದೋ ಅದರಲ್ಲಿ ನನಗೆ ಪಾಲು ಕೊಡಿ" ಅನ್ನುತ್ತಿದ್ದಾನೆ. ಅವನನ್ನು ಹಿಡಿಯಬೇಕಾ, ನಾವೇ ಮಾಡಬಹುದಾ?

ಹಳೇ ಸ್ಟೆತ್:

ಮೊದಲನೆಯದಾಗಿ, ನೀವು ತಪ್ಪು ಬಾಗಿಲು ತಟ್ಟಿದ್ದೀರಿ. ಆ ಲೈನಿನಲ್ಲಿ ಕೂತವರು ಕ್ಲೇಮ್ (ನಾವು ಕಳಿಸಿದ ಬಿಲ್ಲು) ಎಲ್ಲಿದೆ, ಯಾಕೆ ಡೆನೈ ಆಯಿತು ಅಂತ ಹೇಳುವವರು. ರೇಟಿನ ಬಗ್ಗೆ ಅವರಿಗೆ ಅಧಿಕಾರವೇ ಇಲ್ಲ, ಅದಕ್ಕೇ "ಆಗುವುದಿಲ್ಲ" ಅನ್ನುತ್ತಾರೆ. ನಿಮಗೆ ಬೇಕಾದವರು ಕಾಂಟ್ರ್ಯಾಕ್ಟಿಂಗ್ ಅಥವಾ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಅನ್ನುವ ವಿಭಾಗದಲ್ಲಿ ಇರುತ್ತಾರೆ. ನಿಮ್ಮ ಭಾಗ ನೋಡಿಕೊಳ್ಳುವವರ ಹೆಸರು ಮತ್ತು ಇಮೇಲ್ ಕೊಡಿ ಅಂತಷ್ಟೇ ಕೇಳಿ. ಹಳೇ ತಿದ್ದುಪಡಿ ಪತ್ರದ ಕೆಳಗೆ ಒಂದು ಹೆಸರು ಇರುತ್ತದೆ. ಅವರು ಕೆಲಸ ಬಿಟ್ಟಿದ್ದರೂ ಅದೇ ವಿಳಾಸಕ್ಕೆ ಬರೆದರೆ ದಾರಿ ಸಿಗುತ್ತದೆ.

ಎರಡನೆಯದು, ಯಾರಿಗೂ ಫೋನ್ ಮಾಡುವ ಮುಂಚೆ ಕಾಂಟ್ರ್ಯಾಕ್ಟ್ ತೆಗೆದು ಓದಿ. ಪೂರ್ತಿ. ನಾನು 11 ವರ್ಷ ಓದಿರಲಿಲ್ಲ, ನಾಚಿಕೆಯಿಂದಲೇ ಹೇಳುತ್ತೇನೆ. ಓದಿದಾಗ ಗೊತ್ತಾಗಿದ್ದು, ಅದು ತಾನಾಗಿಯೇ ವರ್ಷ ವರ್ಷ ಮುಂದುವರಿಯುವ ಎವರ್‌ಗ್ರೀನ್ ಕಾಂಟ್ರ್ಯಾಕ್ಟ್. ಅಂದರೆ ನಾವು ಬಾಯಿ ಬಿಡದಿದ್ದರೆ ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದೇ ರೇಟಿನಲ್ಲಿ ಓಡುತ್ತಿರುತ್ತದೆ. ಇನ್ನೊಂದು ಸಾಲು ಇನ್ನೂ ಕೆಟ್ಟದಾಗಿತ್ತು: ಕಂಪನಿ ತಿದ್ದುಪಡಿ ಕಳಿಸಿ, ಇಷ್ಟು ದಿನದಲ್ಲಿ ನಾವು ಬರೆದು ಆಕ್ಷೇಪಿಸದಿದ್ದರೆ, ನಾವು ಒಪ್ಪಿದ ಹಾಗೇ ಲೆಕ್ಕ. ಜಾಹೀರಾತು ಅಂತ ಕಸದ ಬುಟ್ಟಿಗೆ ಹಾಕಿದ ಲಕೋಟೆಗಳಲ್ಲಿ ಎಷ್ಟು ಇಂಥವು ಇದ್ದವೋ!

ಇನ್ನೂ ಕೆಲವು ನೋಡಬೇಕು. ಕಾರಣ ಕೊಡದೆ ಹೊರಬರಲು ಎಷ್ಟು ದಿನದ ನೋಟಿಸ್, 90 ಅಥವಾ 120? ಅವರ ಒಂದು ಪ್ಲಾನ್ ತಗೊಂಡರೆ ಎಲ್ಲ ಪ್ಲಾನನ್ನೂ ತಗೊಳ್ಳಬೇಕು ಅನ್ನುವ ಷರತ್ತು ಇದೆಯಾ? ಮತ್ತೆ ರೇಟು ಬರೆದಿರುವ ಪುಟ. ಅಲ್ಲಿ ಒಂದು ವರ್ಷ ಇರುತ್ತದೆ, "ಇಂಥ ವರ್ಷದ ಮೆಡಿಕೇರಿನ ಇಷ್ಟು ಶೇಕಡಾ" ಅಂತ. ಮೆಡಿಕೇರ್ ಅಂದರೆ ಮುಖ್ಯವಾಗಿ ವಯಸ್ಸಾದವರಿಗೆ ಸರ್ಕಾರ ನಡೆಸುವ ಇನ್ಶೂರೆನ್ಸ್, ಅದರ ದರಪಟ್ಟಿಯೇ ಇಲ್ಲಿ ಅಳತೆಗೋಲು. ಆ ವರ್ಷ ಯಾವುದು ಅಂತ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ. ಕಂಪನಿ ಹೆಸರು ಹೇಳದೇ ಇದ್ದದ್ದು ಒಳ್ಳೆಯದಾಯಿತು, ಇಂಥ ಕಾಂಟ್ರ್ಯಾಕ್ಟುಗಳಲ್ಲಿ ಗುಟ್ಟು ಕಾಯುವ ಷರತ್ತು ಸಾಮಾನ್ಯ.

ಸುಮ್ನೆ ಬಂದವನು:

ಇದಕ್ಕೆಲ್ಲ ಇಷ್ಟು ತಲೆ ಯಾಕೆ? ನಿಮ್ಮ ಸುತ್ತಮುತ್ತ ಇರುವ ಹತ್ತು ಸಣ್ಣ ಕ್ಲಿನಿಕ್‌ನವರು ಒಂದು ಕಡೆ ಕೂತು, ಇಷ್ಟಕ್ಕಿಂತ ಕಡಿಮೆಗೆ ಯಾರೂ ನೋಡುವುದಿಲ್ಲ ಅಂತ ತೀರ್ಮಾನ ಮಾಡಿ ಒಂದೇ ಪತ್ರ ಹಾಕಿ. ಓಡಿ ಬರುತ್ತಾರೆ.

ಹಳೇ ಸ್ಟೆತ್:

ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ. ಕೂತು ಕಾಫಿ ಕುಡಿಯುವಾಗ ಬಾಯಿಮಾತಿಗೂ ಬೇಡ. ಬೇರೆ ಬೇರೆ ಮಾಲೀಕರ ಕ್ಲಿನಿಕ್‌ಗಳು ಸೇರಿ ರೇಟು ಗೊತ್ತು ಮಾಡಿಕೊಂಡರೆ ಅದು ಬೆಲೆ ನಿಗದಿ, 1890ರ ಶರ್ಮನ್ ಕಾಯ್ದೆಯ ಕೆಳಗೆ ಬರುತ್ತದೆ. 1982ರಲ್ಲಿ ಅರಿಝೋನಾದ ಮ್ಯಾರಿಕೋಪಾ ಕೌಂಟಿಯ ಡಾಕ್ಟರುಗಳ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ತಮಾಷೆ ಏನೆಂದರೆ ಅವರು ಒಪ್ಪಿಕೊಂಡಿದ್ದು ಕನಿಷ್ಠ ಬೆಲೆಯಲ್ಲ, ಗರಿಷ್ಠ ಬೆಲೆ. ಇದಕ್ಕಿಂತ ಜಾಸ್ತಿ ತಗೊಳ್ಳುವುದಿಲ್ಲ ಅಂತ. ಅದೂ ತಪ್ಪು ಅಂತಲೇ ತೀರ್ಪು ಬಂತು. ಕೈಗಾರಿಕೆಯವರು, ವ್ಯಾಪಾರಿಗಳಿಗೆ ಇರುವ ಕಾನೂನು ಡಾಕ್ಟರಿಗೆ ಯಾಕೆ ಅಂತ ನೀವು ಕೇಳಬಹುದು, ಕೋರ್ಟು ಕೇಳಲಿಲ್ಲ.

ಒಟ್ಟಾಗಿ ಹೋಗಬೇಕು ಅಂದರೆ ಸ್ವತಂತ್ರ ಡಾಕ್ಟರುಗಳು ಸೇರಿ ಕಟ್ಟುವ ಐಪಿಎ ತರಹದ ಸಂಘ ಇದೆ, ಅಲ್ಲಿ ನಿಜವಾಗಿಯೂ ಚಿಕಿತ್ಸೆಯ ಗುಣಮಟ್ಟ, ದಾಖಲೆ, ಹಣದ ಹೊಣೆ ಹಂಚಿಕೊಂಡಿರಬೇಕು. ಇಲ್ಲವಾದರೆ ಮೆಸೆಂಜರ್ ಅಂತ ಒಬ್ಬರು ಕಂಪನಿಯ ಆಫರನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ತಲುಪಿಸುವುದು. ಈ ಎರಡಕ್ಕೂ ವಕೀಲರಿಲ್ಲದೆ ಕೈ ಹಾಕಬೇಡಿ.

ಲೆಕ್ಕದ ಪುಸ್ತಕ:

ನಾನು ಮುಂಚೆ ಒಂದು ಇನ್ಶೂರೆನ್ಸ್ ಕಂಪನಿಯ ಕಾಂಟ್ರ್ಯಾಕ್ಟ್ ವಿಭಾಗದಲ್ಲೇ ಕೂತಿದ್ದವಳು. ಈಗ ಈ ಕಡೆ ಬಂದಿದ್ದೇನೆ. ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ನಮಗೆ ಬರುತ್ತಿದ್ದ ಪತ್ರಗಳಲ್ಲಿ ಬಹುಪಾಲು ಒಂದೇ ಧಾಟಿ: ಖರ್ಚು ಜಾಸ್ತಿಯಾಗಿದೆ, ಎಷ್ಟೋ ವರ್ಷವಾಯಿತು, ದಯವಿಟ್ಟು ನೋಡಿ. ನಿಜವೇ. ಆದರೆ ಅದನ್ನು ಓದಿ ನಾನು ಏನು ಮಾಡಲಿ? ನನ್ನ ಮ್ಯಾನೇಜರ್ ಮುಂದೆ ಇಡಲು ಅದರಲ್ಲಿ ಏನೂ ಇರುತ್ತಿರಲಿಲ್ಲ. "ನಿಮ್ಮ ಮನವಿಯನ್ನು ಪರಿಶೀಲಿಸಿದ್ದೇವೆ" ಅನ್ನುವ ಸಿದ್ಧ ಉತ್ತರ ಹೋಗುತ್ತಿತ್ತು. ಒಂದು ಸಲ ಮಾತ್ರ ಒಂದು ಸಣ್ಣ ಕ್ಲಿನಿಕ್ ಒಂದೇ ಹಾಳೆ ಕಳಿಸಿತು. ಮೇಲೆ ಅವರು ಕೇಳುವ ರೇಟು, ಕೆಳಗೆ ಕೋಡುಗಳು (ಒಂದೊಂದು ಚಿಕಿತ್ಸೆಗೂ ಇರುವ ಬಿಲ್ಲಿನ ಸಂಖ್ಯೆ), ವರ್ಷಕ್ಕೆ ಎಷ್ಟು ಸಲ ಬಿಲ್ ಆಗಿದೆ, ಈಗ ಎಷ್ಟು ಸಿಗುತ್ತಿದೆ. ಕೊನೆಗೆ ಎರಡು ಸಾಲು: ನಾವು ಸಂಜೆ ಮತ್ತು ಶನಿವಾರ ತೆರೆದಿರುತ್ತೇವೆ, ನಿಮ್ಮ ಹೊಸ ಸದಸ್ಯರನ್ನು ವಾರದೊಳಗೆ ನೋಡುತ್ತೇವೆ. ಅದನ್ನು ನಾನೇ ತಗೊಂಡು ಮೇಲಿನವರ ಹತ್ತಿರ ಹೋದೆ. ಯಾಕೆಂದರೆ ನನ್ನ ಅರ್ಧ ಕೆಲಸ ಅವರೇ ಮಾಡಿದ್ದರು!

ಹಾಗಾಗಿ ನಿಮ್ಮ ಕೆಲಸ ಇಷ್ಟು. ಹೋದ 12 ತಿಂಗಳ ಪೇಮೆಂಟ್ ಡೇಟಾ ತೆಗೆಯಿರಿ. ಕಾಗದದ ಇಒಬಿ (ಕಂಪನಿ ಕಳಿಸುವ ಪಾವತಿ ವಿವರ) ಎಣಿಸಬೇಡಿ, ನಿಮ್ಮ ಸಾಫ್ಟ್‌ವೇರಿನಲ್ಲಿ 835 ಫೈಲು (ಅದೇ ವಿವರ ಎಲೆಕ್ಟ್ರಾನಿಕ್ ರೂಪದಲ್ಲಿ) ಬಂದು ಕೂತಿರುತ್ತದೆ, ಅದರಿಂದ ರಿಪೋರ್ಟ್ ಬರುತ್ತದೆ. ಜಾಸ್ತಿ ಬಳಸುವ 25, 30 ಕೋಡು ಸಾಕು. ಫ್ಯಾಮಿಲಿ ಮೆಡಿಸಿನ್ ಆದರೆ ನಿಮ್ಮ ಹಣದ ದೊಡ್ಡ ಪಾಲು ಆಫೀಸ್ ವಿಸಿಟ್ಟಿನ 99213, 99214, ವಾರ್ಷಿಕ ತಪಾಸಣೆ, ಲಸಿಕೆ ಚುಚ್ಚುವ ಕೋಡುಗಳಲ್ಲೇ ಇರುತ್ತದೆ. ಒಂದೊಂದು ಕೋಡಿಗೂ ಈ ಕಂಪನಿ ಎಷ್ಟು ಒಪ್ಪಿಕೊಂಡಿದೆ, ಬೇರೆ ಕಂಪನಿಗಳು ಎಷ್ಟು, ಮೆಡಿಕೇರ್ ಎಷ್ಟು. ಪಕ್ಕಪಕ್ಕ ಇಡಿ. ಇಲ್ಲಿ ರೋಗಿಯ ಕೋ-ಪೇ (ರೋಗಿ ತಾನೇ ಕೊಡುವ ಪಾಲು) ಕಳೆದ ಮೇಲಿನ ಚೆಕ್ಕಲ್ಲ, ಅಲೌಡ್ ಅಮೌಂಟ್, ಅಂದರೆ ಆ ಪಾಲೂ ಸೇರಿ ಒಪ್ಪಿದ ಒಟ್ಟು ಮೊತ್ತ ನೋಡಬೇಕು. ಈ ತಪ್ಪು ತುಂಬಾ ಜನ ಮಾಡುತ್ತಾರೆ.

ಇನ್ನೊಂದು ಆಯುಧ ಈಗ ನಿಮ್ಮ ಕೈಯಲ್ಲಿದೆ, ನಮ್ಮ ಕಾಲಕ್ಕೆ ಇರಲಿಲ್ಲ. 2022ರ ಜುಲೈ 1ರಿಂದ ಇನ್ಶೂರೆನ್ಸ್ ಕಂಪನಿಗಳು ತಮ್ಮ ನೆಟ್‌ವರ್ಕಿನವರಿಗೆ (ಅಂದರೆ ಕಾಂಟ್ರ್ಯಾಕ್ಟ್ ಇರುವ ಡಾಕ್ಟರು, ಆಸ್ಪತ್ರೆಗಳಿಗೆ) ಕೊಡುವ ರೇಟನ್ನು ಸಾರ್ವಜನಿಕವಾಗಿ ಹಾಕಲೇಬೇಕು, ಟ್ರಾನ್ಸ್‌ಪರೆನ್ಸಿ ಇನ್ ಕವರೇಜ್ ನಿಯಮ. ಫೈಲುಗಳು ರಾಕ್ಷಸ ಗಾತ್ರದವು, ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ತೆರೆಯಲು ಹೋದರೆ ಅದು ಉಸಿರು ಬಿಡುತ್ತದೆ. ಸೋಸಿ ಕೊಡುವವರು ಇದ್ದಾರೆ, ದುಡ್ಡು ತಗೊಳ್ಳುತ್ತಾರೆ. ಕಸವೂ ಜಾಸ್ತಿ: ಮನೋವೈದ್ಯರ ಹೆಸರಿನ ಮುಂದೆ ಮೊಣಕಾಲು ಆಪರೇಷನ್ನಿನ ರೇಟು ಇರುತ್ತದೆ. ಆದರೂ ನಿಮ್ಮ ಹತ್ತಿರದ, ನಿಮ್ಮಂಥದೇ ಕ್ಲಿನಿಕ್‌ಗೆ 99214ಕ್ಕೆ ಎಷ್ಟು ಕೊಡುತ್ತಾರೆ ಅಂತ ಗೊತ್ತಾಗುವುದು ಸಣ್ಣ ವಿಷಯವಲ್ಲ. ಪಕ್ಕದ ಕ್ಲಿನಿಕ್‌ನವರನ್ನು ಕೇಳುವುದು ಬೇರೆ, ಸಾರ್ವಜನಿಕ ಫೈಲಿನಲ್ಲಿ ನೀವೊಬ್ಬರೇ ನೋಡುವುದು ಬೇರೆ.

ಬಿಲ್ಲಿಂಗ್ ಕೋಣೆಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಪೂರ್ತಿ ಕಪಾಟು ಹುಡುಕಿ ಕಾಂಟ್ರ್ಯಾಕ್ಟ್ ಸಿಕ್ಕಿತು. ಸಹಿ ಹಾಕಿದ ತಿದ್ದುಪಡಿ ಇನ್ನೊಂದು ಫೈಲಿನಲ್ಲಿತ್ತು. ಅದರಲ್ಲಿ "2020ರ ಮೆಡಿಕೇರ್ ಫೀ ಶೆಡ್ಯೂಲಿನ 105%" ಅಂತಿದೆ. 105 ಅಂದರೆ ಮೆಡಿಕೇರಿಗಿಂತ ಜಾಸ್ತಿಯೇ ಅಲ್ವಾ, ಹಾಗಾದರೆ ಪರವಾಗಿಲ್ಲವೇನೋ ಅನ್ನಿಸಿತು. ಹೊರಬರಲು 120 ದಿನ. ಇನ್ನೊಂದು ಸಾಲಿದೆ: ಕಾಂಟ್ರ್ಯಾಕ್ಟಿನ ರೇಟು ಅಥವಾ ನಾವು ಬಿಲ್ ಮಾಡಿದ ಮೊತ್ತ, ಯಾವುದು ಕಡಿಮೆಯೋ ಅದು. ಅದನ್ನು ಓದಿ ಎದೆ ಧಸಕ್ ಅಂತು. ಓಡಿ ಹೋಗಿ ನಮ್ಮ ಬಿಲ್ ಪಟ್ಟಿ ನೋಡಿದರೆ, ಕಿವಿಯ ಗುಗ್ಗೆ ತೆಗೆಯುವ 69210ಕ್ಕೆ ನಾವು ಹಾಕುತ್ತಿದ್ದ ಬೆಲೆಯೇ ಕಾಂಟ್ರ್ಯಾಕ್ಟಿಗಿಂತ ಕಡಿಮೆ! ಎಷ್ಟು ವರ್ಷದಿಂದಲೋ ನಾವೇ ನಮ್ಮ ಕೈಯಾರೆ ಬಿಟ್ಟುಕೊಟ್ಟಿದ್ದೇವೆ.

ಲೆಕ್ಕದ ಪುಸ್ತಕ:

ಬಿಲ್ ಪಟ್ಟಿಯನ್ನು ಸೋಮವಾರವೇ ಸರಿ ಮಾಡಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಆದರೆ 105% "ಪರವಾಗಿಲ್ಲ" ಅಂತ ಬಿಡಬೇಡಿ. ಎಲ್ಲ ಇರುವುದು ಆ 2020ರಲ್ಲಿ. 2021ರಲ್ಲಿ ಮೆಡಿಕೇರ್ ಆಫೀಸ್ ವಿಸಿಟ್ ಕೋಡುಗಳ ತೂಕವನ್ನೇ ಏರಿಸಿತು. 99213ರಲ್ಲಿ ಡಾಕ್ಟರ ಕೆಲಸಕ್ಕೆ ಕೊಡುವ ತೂಕದ ಅಂಕ, ಅಂದರೆ ಆರ್‌ವಿಯು 0.97ರಿಂದ 1.30 ಆಯಿತು, 99214ರದ್ದು 1.50ರಿಂದ 1.92. ದುಡ್ಡಿನಲ್ಲಿ ಹೇಳಿದರೆ, ರಾಷ್ಟ್ರೀಯ ದರದಲ್ಲಿ 99214ಕ್ಕೆ 2020ರಲ್ಲಿ ಸುಮಾರು 110 ಡಾಲರ್, 2021ರಲ್ಲಿ ಸುಮಾರು 131. ನಿಮ್ಮ ಊರಿನ ಲೆಕ್ಕಕ್ಕೆ ಸ್ವಲ್ಪ ಆಚೆ ಈಚೆ ಆಗುತ್ತದೆ. ನಿಮಗೆ ಸಿಗುತ್ತಿರುವುದು 110ರ ಮೇಲೆ 5%, ಅಂದರೆ 116ರ ಹತ್ತಿರ. ಆಮೇಲೆ ಮೆಡಿಕೇರ್ ದರ ಸ್ವಲ್ಪ ಇಳಿಯಿತು, ಆದರೂ 2025ರಲ್ಲಿ 99214ಕ್ಕೆ 120 ಡಾಲರ್ ದಾಟಿತ್ತು. ಕಾಗದದ ಮೇಲೆ 105, ಕೈಗೆ ಬರುವುದು ಮೆಡಿಕೇರಿಗಿಂತ ಕಡಿಮೆ. ನೀವು ಅತಿ ಜಾಸ್ತಿ ಮಾಡುವ ಕೆಲಸದಲ್ಲೇ.

ನಿಮ್ಮ ಪತ್ರದ ಮೊದಲ ಸಾಲು ಇದೇ ಇರಲಿ. ಸುಮ್ನೆ ಹೆಚ್ಚಿಸಿ ಅಂತ ಕೇಳಬೇಡಿ, "ಆಯಾ ವರ್ಷದ ಮೆಡಿಕೇರಿನ ಇಷ್ಟು" ಅಂತ ಬದಲಾಯಿಸಲು ಕೇಳಿ. ನರ್ಸ್ ಪ್ರಾಕ್ಟಿಷನರ್ ರೇಟನ್ನೂ ನೋಡಿ, ಮೆಡಿಕೇರ್ ಅವರಿಗೆ 85% ಕೊಡುತ್ತದೆ, ಇವರು ಅದಕ್ಕಿಂತ ಕೆಳಗೆ ಇಳಿದಿದ್ದರೆ ಅದೂ ಒಂದು ಮಾತು.

ಕನ್ಸಲ್ಟೆಂಟ್ ವಿಷಯ: ಪಾಲು ತಗೊಳ್ಳುವವನಿಗೆ ಮೊದಲ ವರ್ಷದ ಏರಿಕೆ ಮುಖ್ಯ, ಮೂರನೇ ವರ್ಷ ಏನಾಗುತ್ತದೆ ಅನ್ನುವುದು ಅವನ ತಲೆನೋವಲ್ಲ. ನಿಮ್ಮಷ್ಟು ಸಣ್ಣ ಕ್ಲಿನಿಕ್‌ಗೆ ಇದನ್ನು ನೀವೇ ಮಾಡಬಹುದು.

ಚರ್ಮದ ಡಾಕ್ಟರು:

ಮೇಲಿನವರು ಹೇಳಿದ್ದು ಫ್ಯಾಮಿಲಿ ಮೆಡಿಸಿನ್‌ಗೆ ಸರಿ. ಆದರೆ ಬೇರೆ ಸ್ಪೆಷಾಲಿಟಿಯವರು ಇದನ್ನು ಓದಿ ಕಣ್ಣು ಮುಚ್ಚಿ "ಹಳೇ ವರ್ಷ ಬೇಡ, ಹೊಸ ವರ್ಷ ಕೊಡಿ" ಅಂತ ಕೇಳಬೇಡಿ, ನಾನು ಕೇಳಿ ಕೆಟ್ಟವನು.

ಆಫೀಸ್ ವಿಸಿಟ್ ತೂಕ ಏರಿತು ನಿಜ, ಅದಕ್ಕೆ ದುಡ್ಡು ಎಲ್ಲಿಂದ ಬಂತು? ಕಾನೂನಿನ ಪ್ರಕಾರ ಒಂದು ಕಡೆ ಏರಿಸಿದರೆ ಇನ್ನೊಂದು ಕಡೆ ಇಳಿಸಿ ಸರಿದೂಗಿಸಬೇಕು. ಕನ್ವರ್ಶನ್ ಫ್ಯಾಕ್ಟರ್ (ತೂಕದ ಒಂದು ಅಂಕಕ್ಕೆ ಕೊಡುವ ದುಡ್ಡು) 2020ರಲ್ಲಿ 36.09 ಡಾಲರ್ ಇದ್ದದ್ದು 2025ಕ್ಕೆ 32.35ಕ್ಕೆ ಬಂತು. ಆರ್‌ವಿಯು ಅಷ್ಟಾಗಿ ಬದಲಾಗದ ಕೋಡುಗಳಿಗೆಲ್ಲ ಅದು ನೇರ ಏಟು. ನನ್ನ ಆದಾಯದ ಹೆಚ್ಚಿನ ಭಾಗ ಬಯಾಪ್ಸಿ, ಎಕ್ಸಿಶನ್ನಿನಂಥ (ಕತ್ತರಿಸಿ ತೆಗೆಯುವ) ಪ್ರೊಸೀಜರುಗಳಿಂದ. ನಾನು 2020ರ ಶೆಡ್ಯೂಲ್ ಬಿಟ್ಟು ಹೊಸದಕ್ಕೆ ಹೋದೆ, ಶೇಕಡಾ ಸ್ವಲ್ಪ ಏರಿಸಿ ಕೊಟ್ಟರು, ಖುಷಿಯಾಗಿ ಸಹಿ ಹಾಕಿದೆ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಮುಂಚಿಗಿಂತ ಕಡಿಮೆ! ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಅದಕ್ಕೇ ಅವರು "ಒಟ್ಟಾರೆ 5% ಏರಿಕೆ" ಅಂದರೆ ನಂಬಬೇಡಿ. ನಿಮ್ಮ ಕೋಡು, ನಿಮ್ಮ ಸಂಖ್ಯೆ ಹಾಕಿ ಗುಣಿಸಿ ನೋಡಿ. ನೀವು ವರ್ಷಕ್ಕೆ ಎರಡು ಸಲ ಮಾಡುವ ಕೋಡಿಗೆ 20% ಏರಿಸಿ, ದಿನಕ್ಕೆ ಇಪ್ಪತ್ತು ಸಲ ಮಾಡುವುದನ್ನು ಇಳಿಸಿದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಸಾಧ್ಯವಾದರೆ ಎರಡು ಭಾಗ ಮಾಡಿಸಿ: ಆಫೀಸ್ ವಿಸಿಟ್‌ಗೆ ಆಯಾ ವರ್ಷದ್ದು, ಪ್ರೊಸೀಜರ್‌ಗೆ 2020ರದ್ದೇ ಇರಲಿ. ಆಗಲ್ಲ ಅಂತ ಮೊದಲು ಹೇಳುತ್ತಾರೆ. ಮತ್ತೆ ಕೇಳಿ.

ಇನ್ನೊಂದು ವಿಷಯ ಕಾಂಟ್ರ್ಯಾಕ್ಟಿನಲ್ಲಿ ಇರುವುದೇ ಇಲ್ಲ. ಪಾಲಿಸಿ ಮ್ಯಾನ್ಯುಅಲ್ ಅಂತ ಒಂದು ಇರುತ್ತದೆ, ಅದನ್ನು ಅವರು ಬೇಕಾದಾಗ ಬದಲಾಯಿಸುತ್ತಾರೆ. ಒಂದೇ ದಿನ ವಿಸಿಟ್ ಮತ್ತು ಪ್ರೊಸೀಜರ್ ಎರಡೂ ಮಾಡಿ ಮಾಡಿಫೈಯರ್ 25 (ವಿಸಿಟ್ ಬೇರೆಯದೇ ಕೆಲಸ ಅನ್ನುವ ಗುರುತು) ಹಾಕಿದರೆ ಒಂದನ್ನು ಅರ್ಧ ಮಾಡುವ ಪಾಲಿಸಿ ಅಲ್ಲಿಂದ ಬರುತ್ತದೆ. ರೇಟು ಗೆದ್ದು ಅಲ್ಲಿ ಸೋಲಬೇಡಿ.

ಬಿಲ್ಲಿಂಗ್ ಕೋಣೆಯಿಂದ:

ಪತ್ರ ಬರೆದೆ. ಒಂದೇ ಹಾಳೆ. 118% ಕೇಳಿದ್ದೇನೆ, ಆಯಾ ವರ್ಷದ ಮೆಡಿಕೇರ್ ಮೇಲೆ. ಮೂರು ವಾರವಾಯಿತು, ಸದ್ದೇ ಇಲ್ಲ. ನಮ್ಮ ದೊಡ್ಡ ಡಾಕ್ಟರಿಗೆ ಸಿಟ್ಟು ಬಂದು "120 ದಿನದ ನೋಟಿಸ್ ಹಾಕಿಬಿಡು, ಆಗ ಬಾಯಿ ಬಿಡುತ್ತಾರೆ" ಅನ್ನುತ್ತಿದ್ದಾರೆ. ಹೆದರಿಸಲು ಹಾಕಬಹುದಾ?

ಹಳೇ ಸ್ಟೆತ್:

ಹೆದರಿಸಲು ಬೇಡ. ನಿಜವಾಗಿ ಹೊರಡಲು ಸಿದ್ಧವಿದ್ದರೆ ಮಾತ್ರ. ನಾನು ಒಂದು ಸಲ ಹಾಕಿದ್ದೆ, ಬೇರೆ ಕಂಪನಿಗೆ, ಅದು ನಮ್ಮ ರೋಗಿಗಳಲ್ಲಿ ಹತ್ತರಲ್ಲಿ ಒಬ್ಬರಿಗೂ ಇರಲಿಲ್ಲ, ರೇಟು ಎಲ್ಲಕ್ಕಿಂತ ಕೆಳಗೆ, ಪ್ರಯರ್ ಆಥರೈಸೇಶನ್ (ಚಿಕಿತ್ಸೆಗೆ ಮುಂಚೆ ಕಂಪನಿಯ ಅನುಮತಿ) ಕಾಟ ಎಲ್ಲಕ್ಕಿಂತ ಮೇಲೆ. ಹೋದರೆ ಹೋಗಲಿ ಅಂತಲೇ ಹಾಕಿದ್ದು. 90 ದಿನದ ನೋಟಿಸ್, ಮೊದಲ ಎರಡು ತಿಂಗಳು ಯಾರೂ ಮಾತಾಡಲಿಲ್ಲ, 80ನೇ ದಿನ ಫೋನ್ ಬಂತು, ಒಳ್ಳೆಯ ಆಫರೇ. ಆದರೆ ಅಷ್ಟರಲ್ಲಿ ಅವರು ರೋಗಿಗಳಿಗೆ "ನಿಮ್ಮ ಡಾಕ್ಟರ್ ನೆಟ್‌ವರ್ಕ್ ಬಿಡುತ್ತಿದ್ದಾರೆ" ಅಂತ ಪತ್ರ ಕಳಿಸಿಯಾಗಿತ್ತು. ಕೆಲವರು ಬೇರೆ ಕಡೆ ಹೋದರು. ಇಪ್ಪತ್ತು ವರ್ಷ ನೋಡಿದ ಒಬ್ಬ ಅಜ್ಜಿಯೂ ಹೋದರು, ಮತ್ತೆ ಬರಲಿಲ್ಲ. ಈಗಲೂ ಬೇಜಾರಿದೆ.

ನಿಮಗೆ ಇದು ಮೂರನೇ ಒಂದು ಪಾಲು. 120 ದಿನದ ಮೇಲೆ ಅಷ್ಟು ಕುರ್ಚಿ ಖಾಲಿಯಾದರೆ ಸಂಬಳ ಎಲ್ಲಿಂದ? ಅವರಿಗೂ ನಿಮ್ಮ ಪಾಲು ಎಷ್ಟು ಅಂತ ಗೊತ್ತಿರುತ್ತದೆ. ಮೂರು ವಾರ ಸದ್ದಿಲ್ಲದಿರುವುದು ಮಾಮೂಲಿ. ಎರಡು ವಾರಕ್ಕೊಮ್ಮೆ ಅದೇ ಇಮೇಲಿಗೆ ಸಣ್ಣ ಜ್ಞಾಪನೆ ಹಾಕುತ್ತಾ ಇರಿ, ಮೆತ್ತಗೆ. ನಡುವೆ ನಿಮ್ಮ ಸಣ್ಣ ಕಂಪನಿಗಳ ಜೊತೆ ಮಾತು ಶುರು ಮಾಡಿ. ಅಲ್ಲಿ ಎಡವಿದರೂ ಕಾಲು ಮುರಿಯುವುದಿಲ್ಲ, ಅಭ್ಯಾಸವೂ ಆಗುತ್ತದೆ.

ಲೆಕ್ಕದ ಪುಸ್ತಕ:

ಒಂದು ಸೇರಿಸುತ್ತೇನೆ. ಅವರ ಮೊದಲ ಆಫರ್ ಬಂದ ದಿನವೇ ಉತ್ತರ ಕೊಡಬೇಡಿ. "ಆಯಾ ವರ್ಷ" ಒಪ್ಪಿದರೆ, ಮೆಡಿಕೇರ್ ಮುಂದೆ ಇಳಿಸಿದರೂ ಈಗಿನ ರೇಟಿಗಿಂತ ಕೆಳಗೆ ಹೋಗಬಾರದು ಅಂತ ಒಂದು ಸಾಲು ಹಾಕಿಸಿ. ಶೇಕಡಾ ಬಗ್ಗೆ ಜಗಳ ಮಾಡುವ ಜನ ಈ ಸಾಲು ಕೇಳುವುದೇ ಇಲ್ಲ.

ಬಿಲ್ಲಿಂಗ್ ಕೋಣೆಯಿಂದ:

ತುಂಬಾ ದಿನದ ಮೇಲೆ ಬರೆಯುತ್ತಿದ್ದೇನೆ. ನೋಟಿಸ್ ಹಾಕಲಿಲ್ಲ. ಐದು ಜ್ಞಾಪನೆ ಆದ ಮೇಲೆ ಉತ್ತರ ಬಂತು, 2020ರದ್ದೇ 108% ಅಂತ. ನಮ್ಮ ಕೋಡು ಹಾಕಿ ಗುಣಿಸಿದರೆ 99214 ಇನ್ನೂ 120 ಮುಟ್ಟುತ್ತಿರಲಿಲ್ಲ, ಅದೇ ಹಾಳೆ ವಾಪಸ್ ಕಳಿಸಿದೆ. ಮತ್ತೆ ಒಂದು ತಿಂಗಳು ಮೌನ. ಕೊನೆಗೆ ಒಪ್ಪಿದ್ದು: ಆಫೀಸ್ ವಿಸಿಟ್‌ಗೆ ಆಯಾ ವರ್ಷದ ಮೆಡಿಕೇರಿನ 108%, ಉಳಿದದ್ದಕ್ಕೆಲ್ಲ 2020ರದ್ದೇ 105%. ಚರ್ಮದ ಡಾಕ್ಟರಿಗೆ ಒಂದು ದೊಡ್ಡ ನಮಸ್ಕಾರ. ಕೆಳಗೆ ಇಳಿಯಬಾರದು ಅನ್ನುವ ಸಾಲನ್ನು ಎರಡು ವರ್ಷಕ್ಕೆ ಮಾತ್ರ ಕೊಟ್ಟರು. 118 ಸಿಗಲಿಲ್ಲ, ನರ್ಸ್ ಪ್ರಾಕ್ಟಿಷನರ್ ರೇಟೂ ಅಲ್ಲೇ ಉಳಿಯಿತು. ನಮ್ಮ ಡಾಕ್ಟರು ಇಷ್ಟೇನಾ ಅಂದರು, ನಾನು ಹಾಳೆ ತೋರಿಸಿದೆ, ಆಮೇಲೆ ಸುಮ್ಮನಾದರು.

ಒಂದನೇ ತಾರೀಖಿನಿಂದ ಜಾರಿ. ಇವತ್ತು ಮೊದಲ ಪೇಮೆಂಟ್ ಬಂತು. 99214, ಅಲೌಡ್ ಅಮೌಂಟ್ 115.95. ಹಳೇ ರೇಟೇ! ಸಹಿಯಾದ ಪುಟ ಮುಂದಿಟ್ಟುಕೊಂಡು ಮತ್ತೆ ಅದೇ ಸಂಗೀತ ಕೇಳುತ್ತಾ ಕೂತಿದ್ದೇನೆ.

ಲೆಕ್ಕದ ಪುಸ್ತಕ:

ಅವರ ಸಿಸ್ಟಮಿನಲ್ಲಿ ಹೊಸ ಶೆಡ್ಯೂಲ್ ಹತ್ತಿಲ್ಲ, ಅಷ್ಟೆ. ಆ ಲೈನ್ ಕಟ್ ಮಾಡಿ, ಕಾಂಟ್ರ್ಯಾಕ್ಟಿಂಗ್‌ನವರಿಗೇ ಇಮೇಲ್ ಹಾಕಿ. ಒಂದನೇ ತಾರೀಖಿನಿಂದ ಬಂದ ಎಲ್ಲ ಕ್ಲೇಮ್ ಮತ್ತೆ ಪ್ರೊಸೆಸ್ ಮಾಡಿ ಅಂತ, ಕ್ಲೇಮ್ ನಂಬರ್ ಪಟ್ಟಿ ಸಮೇತ.